ಹಳೆಯ ಮೊಬೈಲಿಗೆ ಗ್ರಾಫಿಕ್ಸ್ ಚಿಪ್ ಯಾಕೆ ಬಂತು?

ಪ್ರಶ್ನೆ: ಗ್ರಾಫಿಕ್ಸ್ ಚಿಪ್ ಇಲ್ಲದ ಫೋನುಗಳಲ್ಲೂ ತ್ರೀಡಿ ಆಟಗಳಿದ್ದವು ಅಲ್ವಾ? ಮತ್ತೆ ಆ ಚಿಪ್ ಯಾಕೆ ಬೇಕಾಯಿತು?

ಉತ್ತರ: ಇದ್ದವು. 2003ರ ನೋಕಿಯಾ ಎನ್-ಗೇಜ್ ಆಟಕ್ಕೆಂದೇ ಬಂದ ಫೋನು, ಅದರಲ್ಲೂ ತ್ರೀಡಿ ಚಿಪ್ ಇರಲಿಲ್ಲ. 104 ಮೆಗಾಹರ್ಟ್ಸ್‌ನ ಪ್ರೊಸೆಸರ್ ಆಟದ ಲೆಕ್ಕ ಮಾಡುತ್ತಲೇ ಪರದೆಯ ಒಂದೊಂದು ಚುಕ್ಕಿಯ ಬಣ್ಣವನ್ನೂ ತಾನೇ ತುಂಬಬೇಕಿತ್ತು. ಪರದೆ ಬರೀ 176×208 ಚುಕ್ಕಿಗಳದ್ದು, ಹಾಗಾಗಿ ಹೇಗೋ ನಡೆಯಿತು. 640×480 ಪರದೆ ಬಂದಾಗ ಚುಕ್ಕಿಗಳು ಎಂಟು ಪಟ್ಟಿಗಿಂತ ಜಾಸ್ತಿಯಾದವು, ಅಷ್ಟು ಕೆಲಸ ಒಂದೇ ಪ್ರೊಸೆಸರಿನಿಂದ ಆಗುವಂಥದ್ದಲ್ಲ. ಅದಕ್ಕೇ ಚಿತ್ರ ಬಿಡಿಸುವುದಕ್ಕೆಂದೇ ಬೇರೆ ಗ್ರಾಫಿಕ್ಸ್ ಚಿಪ್ ಬೇಕಾಯಿತು.

ಹಾಗಂತ ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್ಪನ್ನೇ ಚಿಕ್ಕದು ಮಾಡಿ ಕೂರಿಸಿದರೆ ಬ್ಯಾಟರಿ ಉಳಿಯುವುದಿಲ್ಲ. ಲೆಕ್ಕಕ್ಕಿಂತ, ಮೆಮೊರಿಗೆ ಪದೇ ಪದೇ ಹೋಗಿಬರುವುದೇ ಹೆಚ್ಚು ವಿದ್ಯುತ್ ತಿನ್ನುತ್ತದೆ. ಪವರ್‌ವಿಆರ್ ಎಂಬಿಎಕ್ಸ್ ಎಂಬ ಮೊಬೈಲ್ ಗ್ರಾಫಿಕ್ಸ್ ಚಿಪ್ ಇದಕ್ಕೆ ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟ: ಅದು ಪರದೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಹಂಚಿಕೊಂಡು, ಒಂದು ಚೌಕದಲ್ಲಿ ಯಾವುದು ಮುಂದಿದೆ, ಯಾವುದು ಅದರ ಹಿಂದೆ ಮರೆಯಾಗಿದೆ ಎಂದು ಚಿಪ್ಪಿನ ಒಳಗೇ ಮೊದಲು ತೀರ್ಮಾನಿಸಿ, ಕಣ್ಣಿಗೆ ಕಾಣುವ ಚುಕ್ಕಿಗಳಿಗೆ ಮಾತ್ರ ಬಣ್ಣ ಹಾಕುತ್ತದೆ. ಗೋಡೆಯ ಹಿಂದಿರುವ ಶತ್ರುವಿಗೆ ಬಣ್ಣ ಬಳಿದು ಏನು ಪ್ರಯೋಜನ?

2004ರ ಡೆಲ್ ಆಕ್ಸಿಮ್ ಎಕ್ಸ್50ವಿ ಎಂಬ ಅಂಗೈ ಕಂಪ್ಯೂಟರ್, 2007ರ ನೋಕಿಯಾ ಎನ್95, ಅದೇ ವರ್ಷದ ಮೊದಲ ಐಫೋನ್, ಮೂರರಲ್ಲೂ ಇದ್ದದ್ದು ಇದೇ ಕುಟುಂಬದ ಗ್ರಾಫಿಕ್ಸ್. ಚೌಕಗಳಾಗಿ ಹಂಚಿಕೊಂಡು ಬಿಡಿಸುವ ಈ ಪದ್ಧತಿ ಇಂದಿನ ಫೋನುಗಳಲ್ಲೂ ಉಳಿದಿದೆ.