ಬಣ್ಣ ಹೋಯಿತೆಂದರೆ ಗೊಂಚಲು ಹೋಯಿತು

ಕಬ್ಬಿಣ-ಗಂಧಕ ಪ್ರೋಟೀನು ಎಂದರೆ ಕಬ್ಬಿಣ ಮತ್ತು ಗಂಧಕದ ಪರಮಾಣುಗಳ ಪುಟ್ಟ ಗೊಂಚಲನ್ನು ಹೊತ್ತ ಪ್ರೋಟೀನು. ಉಳಿದ ವಿವರ ಬಿ.ಎಸ್ಸಿ. ಪಠ್ಯದಲ್ಲೇ ಇದೆ, ಇಲ್ಲಿ ಮತ್ತೆ ಬರೆಯುವುದಿಲ್ಲ. ಕೆಳಗಿನ ಮೊದಲ ಪ್ರಶ್ನೆಯಂತೂ ಊರು ಬದಲಾದರೂ ಮಾತು ಬದಲಾಗದೆ ಬರುತ್ತಲೇ ಇದೆ. ಪ್ರತಿ ಸಲವೂ ಕೊನೆಗೆ ‘ಕಬ್ಬಿಣ ಇನ್ನಷ್ಟು ಹಾಕಲೇ?’ ಎಂಬ ಬಾಲ. ಅದಕ್ಕೇ ಈ ಸಲ ಹೆಚ್ಚಿನ ಜಾಗ ಅದಕ್ಕೆ.

ಪ್ರಶ್ನೆ: ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಫೆರೆಡಾಕ್ಸಿನ್ (ಒಂದು ಕಬ್ಬಿಣ-ಗಂಧಕ ಪ್ರೋಟೀನು) ತಯಾರಿಸುತ್ತಿದ್ದೇನೆ ಸರ್. ಸೆಂಟ್ರಿಫ್ಯೂಜ್‌ನಿಂದ ತೆಗೆದಾಗ ಕೋಶಗಳ ಮುದ್ದೆ ಗಾಢ ಕಂದು ಇತ್ತು. ಪ್ರೋಟೀನನ್ನು ಬೇರ್ಪಡಿಸಲು ನಿಕ್ಕಲ್ ಕಾಲಮ್ ದಾಟಿಸಿ ಮರುದಿನ ನೋಡಿದರೆ ದ್ರಾವಣ ನೀರಿನಂತೆ ತಿಳಿ. ಜೆಲ್‌ನಲ್ಲಿ ಮಾತ್ರ ಪಟ್ಟಿ ಚೆನ್ನಾಗಿ ಬಂದಿದೆ. ಕಬ್ಬಿಣ ಇನ್ನಷ್ಟು ಹಾಕಲೇ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಹಾಕಬೇಡಿ. ಆ ಕಂದು ಬಣ್ಣವೇ ಗೊಂಚಲು. ಗಂಧಕದಿಂದ ಕಬ್ಬಿಣಕ್ಕೆ ಎಲೆಕ್ಟ್ರಾನ್ ಸರಿಯುವುದರಿಂದ ಹುಟ್ಟುವ ಬಣ್ಣ ಅದು. ಬಣ್ಣ ಹೋಯಿತೆಂದರೆ ಕೈಯಲ್ಲಿ ಉಳಿದದ್ದು ಬರೀ ಅಮೈನೋ ಆಮ್ಲದ ಸರಪಳಿ. ಜೆಲ್ ತೋರಿಸುವುದೂ ಆ ಸರಪಳಿಯನ್ನೇ. ಪಟ್ಟಿ ಚೆನ್ನಾಗಿದೆ ಎಂದು ಸಮಾಧಾನಪಟ್ಟುಕೊಳ್ಳುವುದು ಎಲ್ಲರೂ ಮಾಡುವ ಮೊದಲ ತಪ್ಪು.

ಗೊಂಚಲನ್ನು ಒಡೆದದ್ದು ಆಮ್ಲಜನಕ. ಒಂದು ಲೆಕ್ಕ ಹಾಕಿ. ಗಾಳಿಗೆ ತೆರೆದಿಟ್ಟ ನೀರಿನಲ್ಲಿ 25 ಡಿಗ್ರಿಯಲ್ಲಿ ಸುಮಾರು 0.25 ಮಿಲಿಮೋಲಾರ್ ಆಮ್ಲಜನಕ ಕರಗಿರುತ್ತದೆ. ನಿಮ್ಮ ಪ್ರೋಟೀನು 0.05 ಮಿಲಿಮೋಲಾರ್ ಇದ್ದರೆ ಒಂದೊಂದು ಪ್ರೋಟೀನಿಗೂ ಐದೈದು ಆಮ್ಲಜನಕದ ಅಣು ಕಾದು ಕುಳಿತಿವೆ. ನಾಲ್ಕು ಕಬ್ಬಿಣ, ನಾಲ್ಕು ಗಂಧಕ ಕೂಡಿದ ಘನದಿಂದ ಮೊದಲು ಒಂದು ಕಬ್ಬಿಣ ಜಾರುತ್ತದೆ, ಆಮೇಲೆ ಉಳಿದದ್ದೂ ಕುಸಿಯುತ್ತದೆ. ಈ ಸ್ಥಿತಿಯಲ್ಲಿ ತೆರೆದ ಮೇಜಿನ ಮೇಲೆ ಕಬ್ಬಿಣ ಸುರಿದರೆ ಅದು ತುಕ್ಕಾಗಿ ಕೆಳಗಿಳಿಯುತ್ತದೆ, ಇಳಿಯುವಾಗ ಪ್ರೋಟೀನನ್ನೂ ಎಳೆದುಕೊಂಡು ಹೋಗುತ್ತದೆ.

ತಪ್ಪು ಕಾಲಮ್‌ಗಿಂತ ಮೊದಲೇ ಶುರುವಾಗುತ್ತದೆ. 37 ಡಿಗ್ರಿಯಲ್ಲಿ 1 ಮಿಲಿಮೋಲಾರ್ ಐಪಿಟಿಜಿ (ಪ್ರೋಟೀನು ತಯಾರಿಕೆ ಶುರು ಮಾಡಿಸುವ ರಾಸಾಯನಿಕ) ಹಾಕಿದರೆ ಸರಪಳಿ ಭರಭರನೆ ತಯಾರಾಗುತ್ತದೆ, ಗೊಂಚಲು ಕಟ್ಟುವವರು ಆ ವೇಗಕ್ಕೆ ಸಾಲುವುದಿಲ್ಲ. ಇ. ಕೋಲಿಯಲ್ಲಿ ಆ ಕೆಲಸ ಇಸ್ಕ್ ಎಂಬ ಪ್ರೋಟೀನುಗಳ ಕೂಟದ್ದು: ಇಸ್ಕ್‌ಎಸ್ ಸಿಸ್ಟೀನ್ ಎಂಬ ಅಮೈನೋ ಆಮ್ಲದಿಂದ ಗಂಧಕ ಕಿತ್ತು ಕೊಡುತ್ತದೆ, ಇಸ್ಕ್‌ಯು ಮೇಲೆ ಗೊಂಚಲು ಕಟ್ಟಿಕೊಳ್ಳುತ್ತದೆ, ಅಲ್ಲಿಂದ ಬೇಕಾದ ಪ್ರೋಟೀನಿಗೆ ಸಾಗುತ್ತದೆ. ಆದ್ದರಿಂದ ಓಡಿ (ಕೋಶಗಳ ದಟ್ಟಣೆಯ ಅಳತೆ) 0.6ಕ್ಕೆ ಬಂದಾಗ 0.1ರಿಂದ 0.2 ಮಿಲಿಮೋಲಾರ್ ಐಪಿಟಿಜಿ ಸಾಕು, ಶಾಖ 18-20 ಡಿಗ್ರಿಗೆ ಇಳಿಸಿ, ರಾತ್ರಿಯಿಡೀ ಬಿಡಿ. ಮಾಧ್ಯಮಕ್ಕೆ 0.1 ಮಿಲಿಮೋಲಾರ್ ಫೆರಿಕ್ ಅಮೋನಿಯಂ ಸಿಟ್ರೇಟ್, 1 ಮಿಲಿಮೋಲಾರ್ ಸಿಸ್ಟೀನ್. ಸಿಸ್ಟೀನ್ ಇದಕ್ಕಿಂತ ಹೆಚ್ಚಾದರೆ ಬ್ಯಾಕ್ಟೀರಿಯಾದ ಬೆಳವಣಿಗೆಯೇ ಕುಂಟುತ್ತದೆ. ಇಸ್ಕ್ ಜೀನುಗಳನ್ನು ಹೊತ್ತ ಸಹಾಯಕ ಪ್ಲಾಸ್ಮಿಡ್ (ಡಿಎನ್‌ಎ ಉಂಗುರ) ಸಿಕ್ಕರೆ ಬಳಸಿ, ವ್ಯತ್ಯಾಸ ಮುದ್ದೆಯ ಬಣ್ಣದಲ್ಲೇ ಕಾಣುತ್ತದೆ.

ಇನ್ನು ಬಫರ್, ಅಂದರೆ ಪಿಎಚ್ ಸ್ಥಿರವಾಗಿಡುವ ದ್ರಾವಣ. ಒಂದು ಲೀಟರನ್ನು ಕಲಕುತ್ತ ಅರ್ಧ ಗಂಟೆ ನಿರ್ವಾತದಲ್ಲಿಡಿ, ಬಳಿಕ ಒಂದು ಗಂಟೆ ಸಾರಜನಕ ಗುಳುಗುಳಿಸಿ, ರಾತ್ರಿ ಆಮ್ಲಜನಕರಹಿತ ಪೆಟ್ಟಿಗೆಯೊಳಗೆ ಮುಚ್ಚಳ ಸಡಿಲಿಸಿ ಬಿಡಿ. ವೆಲ್ಡಿಂಗ್ ಕೆಲಸಕ್ಕೆ ಬರುವ ಸಿಲಿಂಡರ್ ಬೇಡ, ಶೇ 99.999 ಶುದ್ಧತೆಯದ್ದೇ ಕೇಳಿ. ಕೊಳವೆ ಸಿಲಿಕೋನಿನದಾದರೆ ಈ ಶ್ರಮವೆಲ್ಲ ನೀರುಪಾಲು, ಏಕೆಂದರೆ ಸಿಲಿಕೋನಿನ ಗೋಡೆಯ ಮೂಲಕವೇ ಆಮ್ಲಜನಕ ಒಳಬರುತ್ತದೆ. ಬಿರಡೆ ಬ್ಯೂಟೈಲ್ ರಬ್ಬರಿನದೇ ಇರಲಿ. ಕೋಶ ಒಡೆಯುವ ಸೋನಿಕೇಟರ್ ತುದಿ ಮೇಲಕ್ಕೆ ಬಂದು ನೊರೆ ಎದ್ದರೆ ಗಾಳಿ ಕಡೆದಂತಾಯಿತು, ಆ ಮಾದರಿಯನ್ನು ಚೆಲ್ಲಿ.

ಪ್ರೋಟೀನು ಕತ್ತರಿಸುವ ಪ್ರೋಟಿಯೇಸ್ ಕಿಣ್ವಗಳನ್ನು ತಡೆಯುವ ಮಾತ್ರೆಯಲ್ಲಿ ಲೋಹ ಹಿಡಿಯುವ ಇಡಿಟಿಎ ಇದೆಯೇ ನೋಡಿ. ಇದ್ದರೆ ಅದು ಕಾಲಮ್‌ನ ನಿಕ್ಕಲನ್ನೂ ಹಿಡಿಯುತ್ತದೆ, ಗೊಂಚಲಿನ ಕಬ್ಬಿಣವನ್ನೂ ಬಿಡುವುದಿಲ್ಲ. ಹಾಗೆಯೇ ನಿಕ್ಕಲ್ ಕಾಲಮ್ ಮೇಲೆ ಡಿಟಿಟಿ (ಸಿಸ್ಟೀನುಗಳ ನಡುವಿನ ಬಂಧ ಬಿಡಿಸುವ ರಾಸಾಯನಿಕ) ಹರಿಸಿದರೆ ರಾಳವೇ ಕಂದಾಗುತ್ತದೆ. ಅದನ್ನು ಕಂಡು ‘ಪ್ರೋಟೀನು ಕೂತಿದೆ’ ಎಂದು ಬರೆದವರಿದ್ದಾರೆ. ಅದು ನಿಕ್ಕಲಿನ ಬಣ್ಣ. ಅಸಲಿಗೆ ಕ್ಲಾಸ್ಟ್ರಿಡಿಯಂ ಫೆರೆಡಾಕ್ಸಿನ್‌ಗೆ ನಿಕ್ಕಲ್ ಯಾಕೆ ಬೇಕು? ಬಲು ಆಮ್ಲೀಯ ಪ್ರೋಟೀನು, ಆಮ್ಲೀಯ ಪ್ರೋಟೀನನ್ನು ಹಿಡಿಯುವ ಡಿಇಎಇ ಕಾಲಮ್ ಮೇಲೆ ಕಂದು ಪಟ್ಟಿಯಾಗಿ ಗಟ್ಟಿಯಾಗಿ ಕೂರುತ್ತದೆ, ಉಪ್ಪು ಏರಿಸಿದಾಗ ಕೊನೆಕೊನೆಗೆ ಇಳಿಯುತ್ತದೆ. ಪಟ್ಟಿ ಇಳಿಯುವುದನ್ನು ಕಣ್ಣಲ್ಲೇ ಹಿಂಬಾಲಿಸಬಹುದು.

ಈಗಾಗಲೇ ಬಣ್ಣ ಹೋದದ್ದಕ್ಕೆ ಮರುಜೋಡಣೆ ಮಾಡಬಹುದು, ಆದರೆ ಪೆಟ್ಟಿಗೆಯೊಳಗೆ ಮಾತ್ರ. 50 ಮೈಕ್ರೋಮೋಲಾರ್ ಪ್ರೋಟೀನು 5 ಮಿಲಿಲೀಟರ್, ಪಿಎಚ್ 8ರ ಟ್ರಿಸ್ ಬಫರ್, 5 ಮಿಲಿಮೋಲಾರ್ ಡಿಟಿಟಿ. ಅರ್ಧ ಗಂಟೆ ಕಾಯಿರಿ, ಸಿಸ್ಟೀನುಗಳು ಬಿಡುಗಡೆಯಾಗಲಿ. ನಿಮ್ಮ ಪ್ರೋಟೀನಿಗೆ ಎರಡು ಗೊಂಚಲು, ಎಂಟು ಕಬ್ಬಿಣ ಬೇಕು, ಒಂದು ಪ್ರೋಟೀನಿಗೆ ಹತ್ತರಂತೆ ಕೊಡಿ. 39 ಮಿಲಿಗ್ರಾಂ ಫೆರಸ್ ಅಮೋನಿಯಂ ಸಲ್ಫೇಟನ್ನು 10 ಮಿಲಿಲೀಟರಿನಲ್ಲಿ ಕರಗಿಸಿದರೆ 10 ಮಿಲಿಮೋಲಾರ್ ಆಗುತ್ತದೆ, ಅದರಲ್ಲಿ 250 ಮೈಕ್ರೋಲೀಟರ್ ಹಾಕಿ. ಹದಿನೈದು ನಿಮಿಷದ ಮೇಲೆ ಅಷ್ಟೇ ಸಾಂದ್ರತೆಯ ಸೋಡಿಯಂ ಸಲ್ಫೈಡ್ 250 ಮೈಕ್ರೋಲೀಟರ್, ಒಮ್ಮೆಗೇ ಅಲ್ಲ: 25ರಂತೆ ಹತ್ತು ಸಲ, ಐದೈದು ನಿಮಿಷಕ್ಕೊಮ್ಮೆ. ಸಲ್ಫೈಡಿನ ಹರಳುಗಳ ಮೇಲ್ಮೈ ಗಾಳಿಗೆ ಕೆಟ್ಟಿರುತ್ತದೆ, ನೀರಲ್ಲಿ ಜಾಲಿಸಿ ಒರೆಸಿ ತೂಗಿ. ದ್ರಾವಣ ಆ ಹೊತ್ತಿನದೇ ಆಗಬೇಕು. ಮೂರು ಗಂಟೆ ಬಿಡಿ. ಬಣ್ಣ ನಿಧಾನಕ್ಕೆ ಹಳದಿಯಿಂದ ಕಂದಿಗೆ ತಿರುಗಬೇಕು. ತಟ್ಟನೆ ಕಪ್ಪಾದರೆ ಅದು ಕಬ್ಬಿಣದ ಸಲ್ಫೈಡ್, ನೀವು ಅವಸರ ಮಾಡಿದಿರಿ. ಕೊನೆಗೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಚಿಕ್ಕ ಅಣುಗಳನ್ನು ಬೇರ್ಪಡಿಸುವ ಜಿ-25 ಕಾಲಮ್ ದಾಟಿಸಿ.

ಬಣ್ಣ ಬಂತೆಂದು ಇಲ್ಲಿಗೇ ನಿಲ್ಲಿಸಬೇಡಿ. ತಿಳಿಯಲ್ಲಿ ತೇಲುವ ಸಲ್ಫೈಡಿನ ಸೂಕ್ಷ್ಮ ಕಣವೂ ಕಂದೇ. ಕಬ್ಬಿಣದ ಜೊತೆ ಬಣ್ಣ ಕೊಡುವ ಫೆರೋಜಿನ್‌ನಿಂದ 562 ನ್ಯಾನೋಮೀಟರಿನಲ್ಲಿ ಕಬ್ಬಿಣ ಅಳೆಯಿರಿ, ಮಿಥಿಲೀನ್ ಬ್ಲೂ ವಿಧಾನದಿಂದ ಸಲ್ಫೈಡ್ ಅಳೆಯಿರಿ. ಒಂದು ಪ್ರೋಟೀನಿಗೆ ಏಳೆಂಟು ಬಂದರೆ ಸರಿ, ಹನ್ನೆರಡು ಬಂದರೆ ಅದು ಹೊಲಸು. ಪ್ರೋಟೀನಿನ ಅಳತೆಗೆ ಬ್ರ್ಯಾಡ್‌ಫರ್ಡ್ ಬಣ್ಣದ ಪರೀಕ್ಷೆ ನಂಬಬೇಡಿ, ಈ ಆಮ್ಲೀಯ ಪ್ರೋಟೀನಿಗೆ ಆ ಬಣ್ಣ ಸರಿಯಾಗಿ ಅಂಟುವುದಿಲ್ಲ, ಲೆಕ್ಕ ಕಡಿಮೆ ಬಂದು ಕಬ್ಬಿಣ ಹೆಚ್ಚು ಕಾಣುತ್ತದೆ. ವರ್ಣಪಟಲದಲ್ಲಿ 390 ನ್ಯಾನೋಮೀಟರಿನ ಬಳಿ ಅಗಲವಾದ ದಿಬ್ಬ ಇರಬೇಕು, 280ರ ಜೊತೆ ಅದರ ಅನುಪಾತ ಸುಮಾರು 0.8. 420 ಮತ್ತು 460ರಲ್ಲಿ ಬೇರೆ ಬೇರೆ ಶಿಖರ ಕಂಡರೆ ಅದು ಎರಡೇ ಕಬ್ಬಿಣವಿರುವ ಗೊಂಚಲು.

ಇನ್ನೆರಡು ಮಾತು, ಇವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉಳಿದ ಸಲ್ಫೈಡನ್ನು ಆಮ್ಲ ಚೆಲ್ಲಿದ ಸಿಂಕಿಗೆ ಸುರಿದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ನಿಂತಿತೆಂದರೆ ಅನಿಲ ಹೋಯಿತೆಂದಲ್ಲ, ಸಾಂದ್ರತೆ ಏರಿದಾಗ ಮೂಗಿಗೇ ಗೊತ್ತಾಗುವುದಿಲ್ಲ. ಮಾದರಿ ಕಾಯ್ದಿಡಲು ತರುವ ದ್ರವ ಸಾರಜನಕ ಒಂದು ಲೀಟರ್ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಕಿಟಕಿ ಮುಚ್ಚಿದ ಎಸಿ ಕೋಣೆಯಲ್ಲಿ, ಒಬ್ಬರೇ ಇದ್ದಾಗ, ಈ ಕೆಲಸ ಬೇಡವೇ ಬೇಡ.

ಪ್ರಶ್ನೆ: ಸೋಯಾ ಬೀಜಕ್ಕ ರೈಜೋಬಿಯಂ ಹಚ್ಚಿ ಬಿತ್ತೀವ್ರಿ. ಎಲಿ ಹಳದಿ ಆಗ್ಯಾವ. ಅಂಗಡ್ಯಾಂವ ಅನ್ನಭೇದಿ (ಫೆರಸ್ ಸಲ್ಫೇಟ್) ಮಣ್ಣಿಗೆ ಹಾಕ್ರಿ, ಗಂಟು ಚಲೋ ಆಗ್ತಾವ ಅಂತಾನ. ಖರೇ ಏನ್ರಿ?
— ರೈತರು, ಬೈಲಹೊಂಗಲ

ಉತ್ತರ: ಮೊದಲು ಒಂದು ಗಿಡ ಅಗೆದು, ಬೇರಿನ ಗಂಟನ್ನು ಬ್ಲೇಡಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಕೆಂಪು ಇದ್ದರೆ ಗಂಟು ದುಡಿಯುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಇಲ್ಲ. ಆ ಕೆಂಪು ಆಮ್ಲಜನಕ ಹೊರುವ ಲೆಗ್‌ಹಿಮೋಗ್ಲೋಬಿನ್. ಸಾರಜನಕ ಹಿಡಿಯುವ ನೈಟ್ರೋಜಿನೇಸ್‌ನ ಕಬ್ಬಿಣ ಪ್ರೋಟೀನು ಬಿಡಿಯಾಗಿ ಗಾಳಿಗೆ ಸಿಕ್ಕರೆ ಒಂದು ನಿಮಿಷದೊಳಗೆ ಅರ್ಧ ಸಾಯುತ್ತದೆ. ಆದರೆ ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಎರಡನ್ನೂ ನಿಭಾಯಿಸುವುದು ಆ ಕೆಂಪು, ಅಳೆದು ಅಳೆದು ಕೊಡುತ್ತದೆ. ಹೊಲದಲ್ಲಿ ನೀರು ನಿಂತರೆ ಗಂಟು ಉಸಿರುಕಟ್ಟಿ ಸಾಯುವುದೂ ಇದಕ್ಕೇ, ಬಸಿಗಾಲುವೆ ತೆಗೆಯಿರಿ.

ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಎರಡನೆಯದಕ್ಕೂ ಅನ್ನಭೇದಿಯನ್ನು ಮಣ್ಣಿಗೆ ಸುರಿಯಬೇಡಿ, ಸುಣ್ಣದಂಶದ ಎರೆ ಮಣ್ಣಿನಲ್ಲಿ ಅದು ಬೇಗನೆ ಕರಗದ ತುಕ್ಕಾಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ಹಚ್ಚಿದ ಪೊಟ್ಟಣ ಸೋಯಾದ್ದೇ ಆಗಿತ್ತೇ ಎಂಬುದನ್ನೂ ನೋಡಿಕೊಳ್ಳಿ, ತೊಗರಿಯದ್ದು ಇಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಜೀವ ಹುಟ್ಟಿದ್ದು ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಕಲ್ಲಿನ ಮೇಲೆ ಎಂದು ಸಾಬೀತಾಗಿದೆಯೇ? ನಮ್ಮ ಕಲಾದಗಿ ಕಲ್ಲಿನಲ್ಲಿ ಈ ಪ್ರೋಟೀನುಗಳ ಕುರುಹು ಸಿಗಬಹುದೇ?
— ಪಿಯು ಉಪನ್ಯಾಸಕರು, ಬಾಗಲಕೋಟೆ

ಉತ್ತರ: ಸಾಬೀತಾಗಿಲ್ಲ. ಅದು ಜರ್ಮನಿಯ ರಸಾಯನಶಾಸ್ತ್ರಜ್ಞ ವ್ಯಾಖ್ಟರ್ಸ್‌ಹೌಸರ್ 1988ರಲ್ಲಿ ಮಂಡಿಸಿದ ಊಹೆ, ತರಗತಿಯಲ್ಲಿ ಊಹೆ ಎಂದೇ ಹೇಳಿ. ಕಲಾದಗಿಯಲ್ಲಿ ಸಿಗುವುದಿಲ್ಲ. ಅಷ್ಟು ಹಳೆಯ ಕಲ್ಲಿನಲ್ಲಿ ಪ್ರೋಟೀನು ಉಳಿಯುವುದಿಲ್ಲ. ಮೇಲಾಗಿ ಗಾಳಿಗೆ ಆಮ್ಲಜನಕ ಬಂದದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ, ಈ ಪ್ರೋಟೀನುಗಳ ಹುಟ್ಟು ಅದಕ್ಕೂ ಹಿಂದಿನದು, ಕಲಾದಗಿಯ ಪದರಗಳು ಅದರ ನಂತರದವು.

ಕುರುಹು ಇರುವುದು ಸರಪಳಿಯಲ್ಲೇ. ಕ್ಲಾಸ್ಟ್ರಿಡಿಯಂ ಫೆರೆಡಾಕ್ಸಿನ್‌ನಲ್ಲಿ 55 ಅಮೈನೋ ಆಮ್ಲಗಳಿವೆ. ಮಧ್ಯಕ್ಕೆ ಮಡಚಿ ಒಂದರ ಕೆಳಗೊಂದು ಬರೆದರೆ ಎರಡು ಅರ್ಧಗಳೂ ಒಂದನ್ನೊಂದು ಹೋಲುತ್ತವೆ, ಎರಡರಲ್ಲೂ ನಾಲ್ಕು ನಾಲ್ಕು ಸಿಸ್ಟೀನ್. ಚಿಕ್ಕದೊಂದು ಜೀನು ಇಮ್ಮಡಿಯಾಗಿ ಇದು ಆಯಿತೆಂದು ವಿಜ್ಞಾನಿಗಳಾದ ಎಕ್ ಮತ್ತು ಡೇಹಾಫ್ 1966ರಲ್ಲೇ ತೋರಿಸಿದರು. ಇದನ್ನು ಮಕ್ಕಳಿಂದ ಕಾಗದದ ಮೇಲೆ ಮಾಡಿಸಿ. ಆಮ್ಲಜನಕ ಬಂದ ಮೇಲೆ ಸೂಕ್ಷ್ಮಜೀವಿಗಳು ಗೊಂಚಲನ್ನು ಬಿಡಲಿಲ್ಲ. ಅದರ ಸುತ್ತ ರಕ್ಷಣೆ ಕಟ್ಟಿದವು, ಒಡೆದಾಗ ಕಟ್ಟಿಕೊಡಲು ಸಫ್ ಎಂಬ ಇನ್ನೊಂದು ಕೂಟವನ್ನು ಇಟ್ಟುಕೊಂಡವು. ಇ. ಕೋಲಿಯಲ್ಲಿ ಜೀನುಗಳನ್ನು ನಿಯಂತ್ರಿಸುವ ಎಫ್‌ಎನ್‌ಆರ್ ಪ್ರೋಟೀನು ಅಂತೂ ಒಡೆಯುವುದನ್ನೇ ಸುದ್ದಿಯಾಗಿ ಓದುತ್ತದೆ: ಗೊಂಚಲು ಕರಗಿತೆಂದರೆ ಆಮ್ಲಜನಕ ಬಂತು, ಜೀನು ಬದಲಿಸು.

ಪ್ರಶ್ನೆ: ಕಬ್ಬಿಣ-ಗಂಧಕ ಕಾಯಿಸಿ ಮಾಡಿದ ಪುಡಿ ‘ಕೋಶಶಕ್ತಿ’ ಹೆಚ್ಚಿಸುತ್ತದೆಂದು ಮಾರುತ್ತಿದ್ದಾರೆ, ತೆಗೆದುಕೊಳ್ಳಲೇ?
— ವಿಜಯಪುರ

ಉತ್ತರ: ಖಂಡಿತ ಬೇಡ. ಅದು ಬರೀ ಐರನ್ ಸಲ್ಫೈಡ್, ಹೊಟ್ಟೆಯ ಆಮ್ಲ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಗೊಂಚಲನ್ನು ಪ್ರತಿ ಕೋಶವೂ ತನ್ನೊಳಗೇ ಕಟ್ಟಿಕೊಳ್ಳಬೇಕು, ನುಂಗಿ ಸೇರಿಸಲಾಗದು. ನಿಶ್ಶಕ್ತಿ ಇದ್ದರೆ ವೈದ್ಯರಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಇದನ್ನು ಮಾರುವವರು ಜನರ ಆರೋಗ್ಯದ ಜೊತೆ ಆಡುತ್ತಿದ್ದಾರೆ.

ಪ್ರಶ್ನೆ: ಹಿಮೋಗ್ಲೋಬಿನ್ ಕೂಡ ಕಬ್ಬಿಣ-ಗಂಧಕ ಪ್ರೋಟೀನೇ?
— ಜಮಖಂಡಿ

ಉತ್ತರ: ಅಲ್ಲ, ಅದರ ಕಬ್ಬಿಣ ಇರುವುದು ಗಂಧಕದ ಗೊಂಚಲಿನಲ್ಲಲ್ಲ, ಹೀಮ್ ಎಂಬ ಉಂಗುರದೊಳಗೆ.

ಪ್ರಶ್ನೆ: ಯಾವ ಭೇದಿಗಾದರೂ ಮೆಟ್ರೊನಿಡಜೋಲ್ ನುಂಗಬಹುದೇ?
— ಗೋಕಾಕ

ಉತ್ತರ: ಇಲ್ಲ. ಆ ಔಷಧಿ ತಾನಾಗಿ ಕೊಲ್ಲುವುದಿಲ್ಲ. ಆಮ್ಲಜನಕವಿಲ್ಲದೆ ಬದುಕುವ ಜೀವಿಗಳ ಫೆರೆಡಾಕ್ಸಿನ್‌ನಂಥ ಪ್ರೋಟೀನುಗಳು ಅದಕ್ಕೆ ಎಲೆಕ್ಟ್ರಾನ್ ಕೊಟ್ಟಾಗಲೇ ಅದು ವಿಷವಾಗುತ್ತದೆ. ವೈರಸ್‌ನ ಭೇದಿಗೆ ಅದರಿಂದ ಏನೂ ಆಗದು. ವೈದ್ಯರು ಬರೆದರೆ ಮಾತ್ರ ತೆಗೆದುಕೊಳ್ಳಿ.

ಪ್ರಶ್ನೆ: ತಾಮ್ರದ ಕೊಡದ ನೀರು ರೋಗಾಣುಗಳ ಗೊಂಚಲು ಒಡೆಯುತ್ತದೆಯೇ?
— ಮುಧೋಳ

ಉತ್ತರ: ಹೆಚ್ಚಾದ ತಾಮ್ರ ಇ. ಕೋಲಿಯ ಕೆಲವು ಕಿಣ್ವಗಳ ಗೊಂಚಲನ್ನು ಒಡೆಯುತ್ತದೆಂದು 2009ರಲ್ಲಿ ತೋರಿಸಿದ್ದಾರೆ. ಅದು ಪ್ರಯೋಗಾಲಯದ ಮಾತು, ಕಲುಷಿತ ನೀರನ್ನು ಕುದಿಸಿಯೇ ಕುಡಿಯಿರಿ. ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆ, ಲಿಂಬು ಪಾನಕ ಇಡಬೇಡಿ.