ಸಂಪಾದಕರ ಉತ್ತರ: ಡಾಲರ್ ತರುವವರು ಮತ್ತು ದಿರ್ಹಂ ತರುವವರು

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡಿ ರಫ್ತು ಮಾಡುವ ಓದುಗರೊಬ್ಬರು ಬರೆದಿದ್ದಾರೆ: ‘ದುಬೈ, ಸಿಂಗಪುರ ಅಂತ ಆಗಾಗ ಓಡಾಡುತ್ತೇನೆ. ಪ್ರತಿ ಸಲವೂ ಇಮಿಗ್ರೇಷನ್ ಸಾಲು. ದೇಶಕ್ಕೆ ಡಾಲರ್ ತರುವ ನಮಗೆ ಬೇರೆ ಕೌಂಟರ್ ಬೇಡವೇ?’

ನಿಮ್ಮ ಬೇಸರ ಅರ್ಥವಾಗುತ್ತದೆ. ಬೆಳಿಗ್ಗೆ ಗಿರಾಕಿಯ ಮುಂದೆ ಕೂರಬೇಕಾದವರಿಗೆ ನಡುರಾತ್ರಿಯ ಸಾಲು ನಿಜಕ್ಕೂ ಹಿಂಸೆ. ಆದರೆ ಸ್ವಾಮಿ, ದಾರಿ ಆಗಲೇ ಇದೆ! 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರುವಾದ ‘ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್’ 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂತು. ಆನ್‌ಲೈನ್ ಅರ್ಜಿ ಹಾಕಿ, ಬೆರಳಚ್ಚು, ಫೋಟೊ ಕೊಟ್ಟು, ಪರಿಶೀಲನೆಯಲ್ಲಿ ಪಾಸಾದರೆ ಇ-ಗೇಟ್‌ನಲ್ಲಿ, ಅಂದರೆ ತಾನಾಗೇ ತೆರೆಯುವ ಗೇಟಿನಲ್ಲಿ, ಪಾಸ್‌ಪೋರ್ಟ್ ತೋರಿಸಿ ನಡೆದುಬಿಡಬಹುದು. ಒಮ್ಮೆ ನೋಂದಾಯಿಸಿದರೆ 5 ವರ್ಷ, ಇಲ್ಲವೇ ಪಾಸ್‌ಪೋರ್ಟ್ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು, ಇದಕ್ಕೆ ಶುಲ್ಕವಿಲ್ಲ, ನೀವು ವ್ಯಾಪಾರಿಯೇ ಅಂತ ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಇಂಥದ್ದೇ ವ್ಯವಸ್ಥೆಯಾದ ಗ್ಲೋಬಲ್ ಎಂಟ್ರಿಗೆ 120 ಡಾಲರ್ ಕಟ್ಟಬೇಕು. ಏಷ್ಯಾ-ಪೆಸಿಫಿಕ್ ಕಡೆಯ ಆರ್ಥಿಕ ಕೂಟವಾದ ಏಪೆಕ್ ದೇಶಗಳ ಪ್ರಯಾಣ ಕಾರ್ಡ್ ಇರುವುದೇ ವ್ಯಾಪಾರಿಗಳಿಗೆ. ನಮ್ಮದು ಎಲ್ಲರದ್ದೂ, ಹಾಗೇ ಇರಲಿ.

ದೇಶಕ್ಕೆ ದುಡ್ಡು ತರುವವರು ನೀವಷ್ಟೇನಾ? ಕರಾವಳಿಯ ಎಷ್ಟು ಮನೆಗಳು ಕೊಲ್ಲಿಯ ಸಂಬಳದಲ್ಲಿ ಎದ್ದಿವೆ! ಬಡಗಿ, ವೆಲ್ಡರ್, ಅಡುಗೆಯವರು, ಇವರೂ ದುಡಿಯುವುದಕ್ಕೇ ವಿಮಾನ ಹತ್ತುವವರು. ಇವರಲ್ಲಿ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇ.ಸಿ.ಆರ್.’ ಆಗಿರುತ್ತದೆ. ಅಂದರೆ ಸೌದಿ, ಕುವೈತ್‌ನಂಥ ಕಡೆ ಕೆಲಸಕ್ಕೆ ಹೋಗಲು 1983ರ ವಲಸೆ ಕಾಯ್ದೆ ಪ್ರಕಾರ ಮೊದಲೇ ಅನುಮತಿ ಬೇಕು. ಆದಾಯ ತೆರಿಗೆ ಕಟ್ಟುವವರಿಗೆ, ಶಾಲೆ ಮೆಟ್ಟಿಲು ಹತ್ತದಿದ್ದರೂ, ಈ ತಾಪತ್ರಯವಿಲ್ಲ. ಏಜೆಂಟರ ಮೋಸದಿಂದ ಕಾಪಾಡಲು ಮಾಡಿದ ನಿಯಮ ಇದು, ಒಪ್ಪುತ್ತೇನೆ. ಆದರೆ ಮೋಸ ಮಾಡಿದ ಏಜೆಂಟ್ ಊರಲ್ಲೇ ಆರಾಮಾಗಿರುತ್ತಾನೆ, ಕೌಂಟರ್ ಮುಂದೆ ಬೆವರುವವನು ಸಾಲ ಮಾಡಿ ಟಿಕೆಟ್ ಕೊಂಡ ಹುಡುಗ. ಇದ್ಯಾವ ನ್ಯಾಯ?

ಇನ್ನೊಂದು ಮಾತು. 2025ರ ಸೆಪ್ಟೆಂಬರ್‌ನಲ್ಲಿ ಫಾಸ್ಟ್ ಟ್ರ್ಯಾಕ್ ಮತ್ತೆ 5 ವಿಮಾನ ನಿಲ್ದಾಣಗಳಿಗೆ ಹೋಯಿತು. ಕೋಯಿಕ್ಕೋಡ್, ತಿರುವನಂತಪುರ, ತಿರುಚಿರಾಪಳ್ಳಿ, ಲಖನೌ, ಅಮೃತಸರ. ಕೊಲ್ಲಿಗೆ ನೇರ ವಿಮಾನ ಬಿಡುವ ನಮ್ಮ ಮಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ನಮ್ಮ ಸಂಸದರಲ್ಲಿ ಯಾರಿಗೂ ಇದು ಚುಚ್ಚಲಿಲ್ಲವಾ?

ನೀವು ಇವತ್ತೇ ಅರ್ಜಿ ಹಾಕಿ. ನಿಮ್ಮ ಕೈಗಾರಿಕಾ ಸಂಘದ ಲೆಟರ್‌ಹೆಡ್‌ಗೆ ದೆಹಲಿಯಲ್ಲಿ ಬೆಲೆಯಿದೆ. ಅದರಲ್ಲಿ ಬೇರೆ ಕೌಂಟರ್ ಕೇಳಬೇಡಿ, ಮಂಗಳೂರಿಗೆ ಇ-ಗೇಟ್ ಕೇಳಿ.