ವಿ-ಕ್ರಾಸ್‌ಗೆ ಗಟ್ಟಿ ಬಂಪರ್ ಯಾವುದು?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಇಸುಜು ವಿ-ಕ್ರಾಸ್ ಪಿಕಪ್ ಇದೆ. ಹಳ್ಳ ದಾಟಿ ದಿಣ್ಣೆ ಹತ್ತುವಾಗ ಹಿಂದಿನ ಬಂಪರ್ ನೆಲಕ್ಕೆ ತಾಗಿ ಸೊಟ್ಟಗಾಗಿದೆ. ಸ್ಟೀಲಿನದು ಹಾಕಿಸಬೇಕು. ಏನು ನೋಡಿ ತೆಗೆದುಕೊಳ್ಳಲಿ?

ಉತ್ತರ: ಮೊದಲು ಬಗ್ಗಿ ಹೊಸ ಬಂಪರಿನ ಅಡಿ ನೋಡಿ. ಬ್ರಾಕೆಟ್‌ಗಳು ಎರಡೂ ಕಡೆ ಚಾಸಿಗೇ, ಅಂದರೆ ಗಾಡಿಯ ಅಡಿಯ ಗಟ್ಟಿ ಚೌಕಟ್ಟಿಗೇ, ಬೋಲ್ಟ್ ಆಗಬೇಕು. ಪ್ಲೇಟ್ 3ರಿಂದ 5 ಮಿ.ಮೀ. ಇದ್ದರೆ ಸಾಕು, ಇನ್ನೂ ದಪ್ಪ ಹಾಕಿದರೆ ಲೀಫ್ ಸ್ಪ್ರಿಂಗ್‌ಗೆ ಸುಮ್ನೆ ಭಾರ, ಕಾಫಿ ಮೂಟೆ ಹೊರುವ ಶಕ್ತಿಯೂ ಅಷ್ಟು ಕಡಿಮೆಯಾಗುತ್ತದೆ. ನಿಮ್ಮ ತೊಂದರೆಗೆ ನಿಜವಾದ ಮದ್ದು ಆಕಾರದಲ್ಲಿದೆ: ಮೂಲೆಗಳು ಮೇಲಕ್ಕೆ ಓರೆಯಾಗಿರಬೇಕು, ಕೆಳಗೆ ಏನೂ ಜೋತಾಡಬಾರದು. ಇಲ್ಲದಿದ್ದರೆ ಎಷ್ಟೇ ಗಟ್ಟಿಯಿದ್ದರೂ ಮತ್ತೆ ಅದೇ ಜಾಗದಲ್ಲಿ ತಾಗುತ್ತದೆ, ಅಲ್ವಾ?

ನಿಮ್ಮ ಕಡೆಯ ಮಳೆಗೆ ತುಕ್ಕೇ ದೊಡ್ಡ ಶತ್ರು. ಬರೀ ಪೌಡರ್ ಕೋಟಿಂಗ್ ಸಾಲದು. ಒಂದು ಕಲ್ಲು ತಾಗಿ ಚಕ್ಕೆ ಎದ್ದರೆ ನೀರು ಒಳಗಿಳಿದು, ಮೇಲೆ ಬಣ್ಣ ಚೆನ್ನಾಗಿದ್ದರೂ ಅಡಿಯಲ್ಲೇ ತುಕ್ಕು ಹರಡುತ್ತದೆ. ಅದರ ಕೆಳಗೆ ತುಕ್ಕು ತಡೆಯುವ ಜಿಂಕ್ ಪ್ರೈಮರ್ ಕೇಳಿ. ಕೆಸರು ನೀರು ಬಸಿಯಲು ತೂತುಗಳೂ ಇರಲಿ.

ಹೂತಾಗ ಎಳೆಯಲು ಚಾಸಿಗೆ ಸೇರಿದ ಕೊಂಡಿ ಬೇಕು. ಟ್ರೇಲರ್ ಸಿಕ್ಕಿಸುವ ದುಂಡನೆಯ ಟೋ ಬಾಲ್‌ಗೆ ಹಗ್ಗ ಹಾಕಲೇಬೇಡಿ, ಅದು ಕಿತ್ತುಬಂದರೆ ಜೀವಕ್ಕೇ ಅಪಾಯ. ಸ್ಟೆಪ್ನಿ ಇಳಿಸಲು ಅಡ್ಡ ಬರುತ್ತದಾ, ನಂಬರ್ ಪ್ಲೇಟ್ ದೀಪಕ್ಕೆ ಜಾಗವಿದೆಯಾ ನೋಡಿ.

ಇನ್ನೊಂದು ಮಾತು. ಬುಲ್ ಬಾರ್, ಕ್ರ್ಯಾಶ್ ಗಾರ್ಡ್ (ಪೆಟ್ಟು ತಡೆಯಲು ಬಂಪರ್‌ಗೆ ಹಾಕಿಸುವ ಲೋಹದ ಕಂಬಿಗಳು) ಹಾಕುವುದು, ಗಾಡಿಯ ಮೂಲ ರೂಪ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಬರೆದಿದೆ. ಹಾಗಾಗಿ ನಿಮ್ಮ ಸ್ಟೀಲ್ ಬಂಪರ್‌ಗೆ ಅಡ್ಡಿಯಿದೆಯಾ ಎಂದು ದುಡ್ಡು ಕೊಡುವ ಮೊದಲೇ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ.